ಬೆಟ್ಟ ಹತ್ತುವ ಸಬ್ರ್, ಬೆಟ್ಟ ಇಳಿಯುವ ವಿವೇಕ



ಶಾಲೆ ಕಾಲೇಜುಗಳಿಗೆ ಬೇಸಿಗೆ ರಜೆ ಸಿಕ್ಕಿತೆಂದರೆ ನಮ್ಮ ಮೊಹಲ್ಲಾಗಳ ಹುಡುಗರಿಗೆ ಬೆಟ್ಟಗಳ ನೆನಪಾಗುತ್ತದೆ. ತುಮಕೂರಿನವರು ದೇವರಾಯನದುರ್ಗಕ್ಕೆ ಹೊರಡುತ್ತಾರೆ. ಕುಣಿಗಲ್ ಕಡೆಯವರಿಗೆ ಹುತ್ರಿದುರ್ಗ, ಹುಲಿಯೂರುದುರ್ಗಗಳು ಹತ್ತಿರ. ಗುಬ್ಬಿಯ ಹುಡುಗರು ಬೈಕ್ ಹತ್ತಿ ಮಧುಗಿರಿಯವರೆಗೂ ಹೋಗಿ ಬರುತ್ತಾರೆ. ಫಜ್ರ್ ನಮಾಝ್ ಮುಗಿಸಿ ತಂಪು ಹೊತ್ತಿನಲ್ಲಿ ಹೊರಡುವವರು ಕೆಲವರು, ನಿದ್ದೆ ಮುಗಿಸಿ ಬಿಸಿಲೇರಿದ ಮೇಲೆ ಹೊರಡುವವರು ಹಲವರು. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವ ಮಗನಿಗಿಂತ ಬೆವರು ಸುರಿಸಿ ಬೆಟ್ಟ ಹತ್ತುವ ಮಗ ಮೇಲು ಎಂದೇ ನಾವು ಹೇಳುತ್ತೇವೆ.

ಆದರೆ ಜುಮಾ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ಎರಡು ಬಗೆಯ ಪ್ರಶ್ನೆಗಳು ನಮ್ಮ ಬಳಿ ಬರುತ್ತವೆ. ಹೆತ್ತವರು ಕೇಳುತ್ತಾರೆ: "ಹಜ್ರತ್, ಇಂಥ ಬಿಸಿಲಲ್ಲಿ, ಮಳೆ ಗುಡುಗಿನಲ್ಲಿ ಮಕ್ಕಳನ್ನು ಕಳಿಸಬಹುದಾ?" ಹುಡುಗರ ಪ್ರಶ್ನೆ ಬೇರೆ: "ಹಜ್ರತ್, ಎಷ್ಟೇ ಸುಸ್ತಾದರೂ, ಹವಾ ಎಷ್ಟೇ ಕೆಟ್ಟರೂ ಬಿಡದೆ ತುದಿ ಮುಟ್ಟುವುದೇ ಸಬ್ರ್ ಅಲ್ಲವೇ?" ಈ ಎರಡನೇ ಪ್ರಶ್ನೆ ದೊಡ್ಡದು. ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಬೆಟ್ಟಗಳ ಇತಿಹಾಸದಲ್ಲೇ ಅದಿದೆ.

ನಮ್ಮ ಸುತ್ತಲಿನ ದುರ್ಗಗಳು

ಬೆಂಗಳೂರಿನ ಸುತ್ತಮುತ್ತ ಒಂಬತ್ತು ಬೆಟ್ಟದ ಕೋಟೆಗಳಿವೆ. ಜನ ಇವನ್ನು ನವದುರ್ಗಗಳೆಂದು ಕರೆಯುತ್ತಾರೆ. ಸಾವನದುರ್ಗ, ನಂದಿದುರ್ಗ, ಮಾಕಳಿದುರ್ಗ, ಭೈರವದುರ್ಗ, ಕಬ್ಬಾಳದುರ್ಗ, ಚನ್ನರಾಯನದುರ್ಗ, ದೇವರಾಯನದುರ್ಗ, ಹುತ್ರಿದುರ್ಗ ಮತ್ತು ಹುಲಿಯೂರುದುರ್ಗ. ಇವುಗಳಲ್ಲಿ ಕೊನೆಯ ನಾಲ್ಕೂ ನಮ್ಮ ತುಮಕೂರು ಜಿಲ್ಲೆಯವು. ಹುತ್ರಿದುರ್ಗ, ಹುಲಿಯೂರುದುರ್ಗಗಳೆರಡೂ ಕುಣಿಗಲ್ ತಾಲ್ಲೂಕಿನಲ್ಲೇ ಇವೆ.

ದೇವರಾಯನದುರ್ಗ ಸಮುದ್ರ ಮಟ್ಟದಿಂದ ಸುಮಾರು 3,900 ಅಡಿ ಎತ್ತರದಲ್ಲಿದೆ. 17ನೇ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ವಶವಾದ ಮೇಲೆ ಅದಕ್ಕೆ ಈ ಹೆಸರು ಬಂತು. ಬೆಟ್ಟದ ಮೇಲಿನ ನರಸಿಂಹ ದೇವಾಲಯಗಳಿಗೆ ಹಿಂದೂ ಸಹೋದರರು ಶತಮಾನಗಳಿಂದ ಹತ್ತಿ ಬರುತ್ತಿದ್ದಾರೆ. ಬೆಟ್ಟದ ಬುಡದಲ್ಲಿ ನಾಮದ ಚಿಲುಮೆ ಇದೆ. ಬಂಡೆಯೊಳಗಿಂದ ಜಿನುಗುವ ಈ ನೀರಿನ ಕಥೆಯನ್ನು ಅವರು ಶ್ರೀರಾಮನ ಜೊತೆ ಸೇರಿಸಿ ಹೇಳುತ್ತಾರೆ. ಜಯಮಂಗಲಿ ನದಿ ಹುಟ್ಟುವುದು ಇದೇ ಬೆಟ್ಟಗಳಲ್ಲಿ. ಶಿಂಷಾ ನದಿಯ ಮೂಲವೂ ಇದೇ ಬೆಟ್ಟಸಾಲು. ಆ ಶಿಂಷೆಯೇ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತದೆ. ಅಂದರೆ ತುಮಕೂರು, ಗುಬ್ಬಿ, ಕುಣಿಗಲ್ ಮೂರನ್ನೂ ಬೆಸೆಯುವ ನೀರಿನ ದಾರಿ ಬೆಟ್ಟದಿಂದಲೇ ಶುರುವಾಗುತ್ತದೆ.

ಹುತ್ರಿದುರ್ಗ ಸುಮಾರು 3,700 ಅಡಿ ಎತ್ತರದ್ದು. ಮಾಗಡಿ ಕೆಂಪೇಗೌಡರ ಮನೆತನದ ಕಾಲದಲ್ಲಿ ಭದ್ರವಾದ ಕೋಟೆ ಅದು. ಬುಡದಲ್ಲಿ ಸಂತೇಪೇಟೆ, ಮೇಲೆ ಒಂದರ ಮೇಲೊಂದು ಸುತ್ತಿನ ಗೋಡೆಗಳು, ಬಾಗಿಲುಗಳು, ತುದಿಯಲ್ಲಿ ಶಂಕರೇಶ್ವರ ದೇವಾಲಯ.

ಅಂದು ಹತ್ತಿದವರು ಯಾರು?

ಇಂದು ನಾವು ಮನಸ್ಸಿನ ಉಲ್ಲಾಸಕ್ಕಾಗಿ ಈ ಬೆಟ್ಟಗಳನ್ನು ಹತ್ತುತ್ತೇವೆ. ಹಿಂದಿನವರಿಗೆ ಇದು ಉಲ್ಲಾಸದ ಮಾತಾಗಿರಲಿಲ್ಲ. ಕಲ್ಲು ಕಡಿಯುವ ಕೂಲಿಗಳು ಹತ್ತಿದರು, ಕಾವಲು ಸಿಪಾಯಿಗಳು ಹತ್ತಿದರು, ಅವರಿಗೆ ರಾಗಿ, ಹುರುಳಿ, ಮದ್ದುಗುಂಡು ಹೊತ್ತವರು ಹತ್ತಿದರು. ಕೈದಿಗಳೂ ಹತ್ತಿದರು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದು ಮಧುಗಿರಿ ಕೋಟೆಯಲ್ಲಿಟ್ಟರು. 1767ರಲ್ಲಿ ಮರಾಠರು ಆ ಕೋಟೆ ಹಿಡಿಯುವವರೆಗೆ ಆಕೆ ಅಲ್ಲೇ ಇದ್ದರು. ಇಂದು ಫೋಟೋ ತೆಗೆಸಿಕೊಳ್ಳಲು ಹತ್ತುವ ಆ ಬಂಡೆ ಅಂದು ಒಬ್ಬ ಹೆಣ್ಣುಮಗಳಿಗೆ ಸೆರೆಮನೆಯಾಗಿತ್ತು. ಇತಿಹಾಸವನ್ನು ಓದುವಾಗ ನಮ್ಮವರ ಗೆಲುವನ್ನಷ್ಟೇ ಓದದೆ ಸೋತವರ ಸಂಕಟವನ್ನೂ ಓದಬೇಕು.

ಈ ಕೋಟೆಗಳನ್ನು ಕಟ್ಟಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಬೆಟ್ಟದ ಮೇಲೆ ಮನುಷ್ಯ ಉಳಿಯುವುದು ಗೋಡೆಯಿಂದ ಅಲ್ಲ, ನೀರಿನಿಂದ. ಆದ್ದರಿಂದಲೇ ಹತ್ತುವ ದಾರಿಯಲ್ಲೂ ತುದಿಯಲ್ಲೂ ಮಳೆನೀರು ನಿಲ್ಲುವ ದೊಣೆಗಳನ್ನು ಅವರು ಕಾಪಾಡಿಕೊಂಡರು. ಬಂಡೆಯಲ್ಲಿನ ಸಹಜ ತಗ್ಗುಗಳನ್ನು ಹುಡುಕಿ, ಬೇಕಾದಲ್ಲಿ ಇನ್ನಷ್ಟು ಕೊರೆದು, ಕಟ್ಟೆ ಕಟ್ಟಿದರು. ಕೋಟೆ ಎಷ್ಟು ದಿನ ಮುತ್ತಿಗೆ ತಾಳುತ್ತದೆ ಎಂಬುದನ್ನು ದೊಣೆಯಲ್ಲಿನ ನೀರೇ ನಿರ್ಧರಿಸುತ್ತಿತ್ತು. ಈಗ ಅದೇ ದೊಣೆಗಳಲ್ಲಿ ಪಾಚಿ, ಪ್ಲಾಸ್ಟಿಕ್ ಬಾಟಲಿ ತೇಲುತ್ತಿವೆ. ಅದನ್ನು ಕುಡಿಯಲಾಗದು. ಹಾಗಾಗಿ ಇಂದಿನ ಚಾರಣಿಗನು ಅಂದಿನ ಸಿಪಾಯಿಗಿಂತ ಹೆಚ್ಚು ನೀರು ಹೊತ್ತು ಹತ್ತಬೇಕು. ನಮ್ಮ ಹುಡುಗರು ನಾಲ್ವರಿಗೆ ಒಂದು ಬಾಟಲಿ ಹಿಡಿದು ಹೋಗುತ್ತಾರೆ.

1791ರ ಮೇ ತಿಂಗಳು

ಬೇಸಿಗೆಯ ಕೊನೆಯಲ್ಲಿ, ಕೆಟ್ಟ ಹವಾಮಾನದಲ್ಲಿ, ದಣಿವನ್ನು ಲೆಕ್ಕಿಸದೆ ಮುನ್ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಉದಾಹರಣೆಯಿದೆ. ಅದು ಟಿಪ್ಪು ಸುಲ್ತಾನರ ವಿರುದ್ಧ ಇಂಗ್ಲಿಷರು ನಡೆಸಿದ ಮೂರನೇ ಮೈಸೂರು ಯುದ್ಧ.

1791ರ ಮಾರ್ಚ್ 21ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. ಅದರ ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಹುತಾತ್ಮರಾದರು. ಆ ಗೆಲುವಿನ ಹುರುಪಿನಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣವನ್ನೂ ಅದೇ ಋತುವಿನಲ್ಲಿ ಮುಗಿಸಿಬಿಡಬೇಕೆಂದು ಮೇ ತಿಂಗಳ ಆರಂಭದಲ್ಲಿ ಹೊರಟನು. ನಮ್ಮ ರೈತರನ್ನು ಕೇಳಿದ್ದರೆ ಅವರು ಹೇಳುತ್ತಿದ್ದರು: ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಕಾಲ ಅದು. ಹಗಲು ಸುಡುವ ಬಿಸಿಲು, ಮಧ್ಯಾಹ್ನದ ಮೇಲೆ ಗಾಳಿ, ಗುಡುಗು, ಆಲಿಕಲ್ಲು. ಮುಂದೆ ಮುಂಗಾರು. ಭಾರದ ಗಾಡಿ ಕಟ್ಟಿ ದೂರ ಹೊರಡುವ ಕಾಲವಲ್ಲ.

ನೇರವಾದ ದಾರಿಯಲ್ಲಿ ಮೇವು, ಧಾನ್ಯ ಏನೂ ಶತ್ರುವಿಗೆ ಸಿಗದಂತೆ ಟಿಪ್ಪು ಸುಲ್ತಾನರು ಮಾಡಿದ್ದರು. ಆದ್ದರಿಂದ ಇಂಗ್ಲಿಷರು ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ಗುಡ್ಡಗಾಡು ದಾರಿ ಹಿಡಿದರು. ಅಲ್ಲೂ ಮೇವಿರಲಿಲ್ಲ. ಎತ್ತುಗಳು ಹಸಿವಿನಿಂದಲೂ ರೋಗದಿಂದಲೂ ಸಾಯತೊಡಗಿದವು. ಎತ್ತುಗಳು ಸತ್ತಾಗ ಭಾರಿ ಫಿರಂಗಿಗಳಿಗೆ ಮನುಷ್ಯರೇ ಹೆಗಲು ಕೊಟ್ಟು ಎಳೆದರು. ಮೇಲಿನಿಂದ ಮಳೆ ಶುರುವಾಯಿತು. ಮೇ 15ರಂದು ಅರಕೆರೆಯ ಬಳಿ ನಡೆದ ಯುದ್ಧದಲ್ಲಿ ಇಂಗ್ಲಿಷರದೇ ಮೇಲುಗೈ. ಶ್ರೀರಂಗಪಟ್ಟಣ ಕಣ್ಣಳತೆಯಲ್ಲೇ ಇತ್ತು. ಆದರೆ ಗೆದ್ದ ಸೈನ್ಯದ ಹೊಟ್ಟೆಗೆ ಅನ್ನವಿರಲಿಲ್ಲ, ಸಿಪಾಯಿಗಳಲ್ಲಿ ಸಿಡುಬು ಹರಡಿತ್ತು, ಕಾವೇರಿ ಉಕ್ಕುತ್ತಿತ್ತು.

ಕೊನೆಗೆ ಕನ್ನಂಬಾಡಿಯ ಬಳಿ ಕಾರ್ನ್‌ವಾಲಿಸ್ ತಾನು ಅಷ್ಟು ದೂರ ಎಳೆದು ತಂದ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆಸಿ ಹಾಕಬೇಕಾಯಿತು. ಮೇ 26ರಂದು ಸೈನ್ಯ ಹಿಂದಿರುಗಿತು. ಅದೇ ದಿನ ದಾರಿಯಲ್ಲಿ ಅವನ ಮಿತ್ರರಾದ ಮರಾಠರ ಕುದುರೆ ಸೈನ್ಯ ಧಾನ್ಯದೊಂದಿಗೆ ಎದುರಾಯಿತು! ಅವರು ಹತ್ತಿರದಲ್ಲೇ ಬರುತ್ತಿದ್ದ ಸುದ್ದಿ ಅವನಿಗೆ ತಲುಪಿರಲೇ ಇಲ್ಲ. ಸುದ್ದಿ ತರುವವರನ್ನು ಟಿಪ್ಪುವಿನ ಹಗುರ ಕುದುರೆ ಸವಾರರು ದಾರಿಯಲ್ಲೇ ತಡೆದಿದ್ದರು.

ಹಿಂದಿರುಗುವ ಆ ದಣಿದ ಸೈನ್ಯ ನಾಗಮಂಗಲದ ಮೇಲಿಂದ ನಮ್ಮ ಕುಣಿಗಲ್ ಸೀಮೆಗೆ ಬಂತು. ಜೂನ್ ತಿಂಗಳಲ್ಲಿ ಹುಲಿಯೂರುದುರ್ಗ ಶರಣಾಯಿತು. ಅಲ್ಲಿ ಸಿಕ್ಕ ಧಾನ್ಯ ಹಸಿದವರಿಗೆ ಆಸರೆಯಾಯಿತು. ಪಕ್ಕದ ಹುತ್ರಿದುರ್ಗದ ಕಿಲ್ಲೇದಾರ ಮಾತ್ರ ಕೋಟೆ ಬಿಟ್ಟುಕೊಡಲು ಒಪ್ಪಲಿಲ್ಲ. ಆ ಬೆಟ್ಟವನ್ನು ಹತ್ತುವ ಶಕ್ತಿ ಆಗ ಇಂಗ್ಲಿಷ್ ಸೈನ್ಯಕ್ಕಿರಲಿಲ್ಲ. ಬುಡದಿಂದಲೇ ಮುಂದೆ ಸಾಗಿ ಅವರು ಜುಲೈನಲ್ಲಿ ಬೆಂಗಳೂರು ಸೇರಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಸೈನ್ಯಕ್ಕೆ ಧೈರ್ಯದ ಕೊರತೆ ಇರಲಿಲ್ಲ, ಶಿಸ್ತಿನ ಕೊರತೆ ಇರಲಿಲ್ಲ, ಫಿರಂಗಿಯ ಕೊರತೆಯೂ ಇರಲಿಲ್ಲ. ಹೊರಟ ಕಾಲ ಸರಿಯಿರಲಿಲ್ಲ. ದಾರಿಯಲ್ಲಿ ನೀರು ಮೇವಿನ ಲೆಕ್ಕ ಇರಲಿಲ್ಲ. ಮುಂದಿನ ಸುದ್ದಿ ಗೊತ್ತಿರಲಿಲ್ಲ. ಇಷ್ಟು ದೂರ ಬಂದಾಯಿತು, ಇನ್ನೇನು ತಲುಪಿಬಿಡುತ್ತೇವೆ ಎಂಬ ಆಸೆ ಒಂದೇ ಅವರನ್ನು ಮುಂದೆ ನೂಕುತ್ತಿತ್ತು. ಬೆಟ್ಟದ ಅರ್ಧದಲ್ಲಿ ತಲೆ ತಿರುಗುತ್ತಿರುವ ಹುಡುಗನನ್ನೂ ಮುಂದೆ ನೂಕುವುದು ಇದೇ ಆಸೆ.

ಮತ್ತೆ ಬಂದ ಚಳಿಗಾಲ

ಶತ್ರುವಿನ ನಡೆಯಿಂದಲೂ ಪಾಠ ಕಲಿಯಬಹುದು. ಹಿಂದಿರುಗಿದ ಕಾರ್ನ್‌ವಾಲಿಸ್ ಸುಮ್ಮನೆ ಕೂರಲಿಲ್ಲ. ಬಂಜಾರರ, ಅಂದರೆ ನಮ್ಮಲ್ಲಿ ಲಂಬಾಣಿಗರೆಂದು ಕರೆಯುವ ಜನರ ಎತ್ತಿನ ಹಿಂಡುಗಳಿಂದ ಧಾನ್ಯ ತರಿಸಿಕೊಳ್ಳುವ ಏರ್ಪಾಡು ಮಾಡಿದನು. ಮಳೆಗಾಲ ಕಳೆಯುವವರೆಗೆ ಶ್ರೀರಂಗಪಟ್ಟಣದ ಮಾತೆತ್ತಲಿಲ್ಲ. ದಾರಿಯ ಬೆನ್ನಿಗಿರುವ ಬೆಟ್ಟಗಳನ್ನು ಒಂದೊಂದಾಗಿ ಹಿಡಿಸಿದನು. ಅಕ್ಟೋಬರ್ 19ರಂದು ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ, ಡಿಸೆಂಬರ್ 24ರಂದು ನಮ್ಮ ಹುತ್ರಿದುರ್ಗ. ಜೂನ್ ತಿಂಗಳಲ್ಲಿ ಬುಡದಿಂದಲೇ ನೋಡಿ ಬಿಟ್ಟುಹೋಗಿದ್ದ ಬೆಟ್ಟವನ್ನು ಆರು ತಿಂಗಳ ನಂತರ ತಂಪು ಹವೆಯಲ್ಲಿ, ಹೊಟ್ಟೆ ತುಂಬಿದ ಸಿಪಾಯಿಗಳು ಹತ್ತಿದರು. ಬೆಟ್ಟ ಅದೇ, ಮೆಟ್ಟಿಲು ಅವೇ. ಬದಲಾದದ್ದು ಕಾಲ ಮತ್ತು ತಯಾರಿ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ದಾಳಿಯಾಯಿತು. ಮುಂದಿನ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ರಾಜ್ಯದ ಅರ್ಧವನ್ನೂ, ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಕೊಡಬೇಕಾಯಿತು. ಅದು ನಮಗೆ ನೋವಿನ ಅಧ್ಯಾಯ.

ಕೋಟೆಯೊಳಗಿದ್ದ ನಮ್ಮವರಿಗೂ ಇದರಲ್ಲಿ ಪಾಠವಿತ್ತು. ಕಡಿದಾದ ಬಂಡೆಯೇ ನಮ್ಮನ್ನು ಕಾಯುತ್ತದೆ ಎಂಬ ಭರವಸೆಯಲ್ಲಿ ಎಚ್ಚರ ತಪ್ಪಿದರೆ ಎಂಥ ದುರ್ಗವೂ ಬೀಳುತ್ತದೆ. ಬೆಟ್ಟ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅದರ ನಿಯಮಗಳನ್ನು ಅರಿತವನಿಗೆ ದಾರಿ ಕೊಡುತ್ತದೆ.

ಗುಬ್ಬಿಯ ದಾರಿಯಲ್ಲಿ ನಡೆದವರು

ಸೈನ್ಯಗಳ ಕಥೆ ಪುಸ್ತಕಗಳಲ್ಲಿದೆ. ವರ್ತಕರ, ಹೊರೆಯಾಳುಗಳ ಕಥೆ ಅಷ್ಟಾಗಿ ಬರೆದಿಟ್ಟಿಲ್ಲ. ಆದರೂ ದಾರಿಯ ವಿವೇಕ ಅವರಲ್ಲೇ ಹೆಚ್ಚಿತ್ತು. ಟಿಪ್ಪು ಸುಲ್ತಾನರು ಶಹೀದರಾದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ವ್ಯಾಪಾರ, ಜನಜೀವನಗಳ ವಿವರ ಬರೆದನು. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಸಿರಾ, ಮಧುಗಿರಿ, ತುಮಕೂರು, ಗುಬ್ಬಿ ಎಲ್ಲವನ್ನೂ ಆತ ನೋಡಿದ್ದಾನೆ. ಗುಬ್ಬಿ ಆಗಲೇ ಹೆಸರಾಂತ ಪೇಟೆ. ಅಡಿಕೆ, ಕೊಬ್ಬರಿ, ಬಟ್ಟೆಗಳ ವ್ಯಾಪಾರಕ್ಕೆ ದೂರದೂರದ ವರ್ತಕರು ಅಲ್ಲಿಗೆ ಬರುತ್ತಿದ್ದರು.

ಅವರು ಹೇಗೆ ಬರುತ್ತಿದ್ದರು? ಹೇರು ಹೊತ್ತ ಎತ್ತುಗಳ ಜೊತೆ ನಡೆದು. ಬೇಸಿಗೆಯಲ್ಲಿ ನಸುಕಿನಲ್ಲಿ ಹೊರಟು, ಬಿಸಿಲೇರುವ ಮೊದಲು ತೋಪಿನಲ್ಲೋ ಕೆರೆಯ ಏರಿಯ ಮೇಲೋ ಹೇರು ಇಳಿಸಿ, ಬಿಸಿಲು ಇಳಿದ ಮೇಲೆ ಮತ್ತೆ ಹೆಜ್ಜೆ ಹಾಕುವುದು ಅವರ ಕ್ರಮ. ಮಳೆ ಬಿದ್ದು ಕಪ್ಪು ನೆಲ ಕೆಸರಾದರೆ ನಿಂತ ಊರಲ್ಲೇ ನಿಲ್ಲುತ್ತಿದ್ದರು. ಯಾರೂ ಅವರನ್ನು ಹೇಡಿಗಳೆಂದು ಕರೆಯಲಿಲ್ಲ. ಎತ್ತು ಸತ್ತರೆ ಸಂಸಾರ ಬೀದಿಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು.

ಊರವರೂ ದಾರಿಹೋಕರ ದಣಿವನ್ನು ಬಲ್ಲವರಾಗಿದ್ದರು. ದಾರಿ ಬದಿಯಲ್ಲಿ ಸಾಲುಮರ, ತಲೆಹೊರೆ ಇಳಿಸಲು ಎದೆಯೆತ್ತರದ ಕಲ್ಲು, ಬೇಸಿಗೆಯಲ್ಲಿ ನೀರು ಮಜ್ಜಿಗೆ ಕೊಡುವ ಅರವಟಿಗೆ. ನಮ್ಮ ಮಸೀದಿಗಳ ಮುಂದೆ ಇಡುವ ಸಬೀಲ್‌ನ ಮಡಕೆಯೂ, ಮುಸಾಫಿರ್‌ಖಾನೆಗಳೂ ಇದೇ ಸಾಲಿನವು. ಹಿಂದೂ ಇಟ್ಟ ಅರವಟಿಗೆಯಲ್ಲಿ ಮುಸ್ಲಿಮನು, ಮುಸ್ಲಿಮನು ಇಟ್ಟ ಸಬೀಲ್‌ನಲ್ಲಿ ಹಿಂದೂ ನೀರು ಕುಡಿದು ಹರಸಿ ಹೋದ ನಾಡು ಇದು. ದಣಿದವನು ನಿಲ್ಲಬೇಕು, ಕೂರಬೇಕು, ನೀರು ಕುಡಿಯಬೇಕು ಎಂಬುದನ್ನು ಕಲ್ಲಿನಲ್ಲೂ ಮಡಕೆಯಲ್ಲೂ ಬರೆದಿಟ್ಟ ನಾಡು.

ಮದೀನಾದ ಬಿಸಿಲು

ಈಗ ಹುಡುಗರ ಪ್ರಶ್ನೆಗೆ ಬರೋಣ. ಸಬ್ರ್ ಎಂದರೆ ಏನಾದರೂ ಸರಿ, ಮುಂದೆ ಹೋಗುವುದೇ?

ಇಸ್ಲಾಮಿನ ಇತಿಹಾಸದಲ್ಲಿ ಬೇಸಿಗೆಯ ಕಠಿಣ ಪ್ರಯಾಣವೆಂದರೆ ತಬೂಕ್. ಹಿಜರಿ 9ರಲ್ಲಿ, ಬಿಸಿಲು ಸುಡುತ್ತಿದ್ದಾಗ, ಖರ್ಜೂರ ಹಣ್ಣಾಗಿ ನೆರಳು ಕರೆಯುತ್ತಿದ್ದಾಗ, ಪ್ರವಾದಿ(ಸ) ಮತ್ತು ಸಹಾಬಿಗಳು ಮದೀನಾದಿಂದ ನೂರಾರು ಮೈಲು ದೂರಕ್ಕೆ ಹೊರಟರು. ಕಷ್ಟಕಾಲದ ಸೈನ್ಯ ಎಂದೇ ಅದಕ್ಕೆ ಹೆಸರಾಯಿತು. ಬಿಸಿಲಿನ ನೆಪ ಹೇಳಿ ಮನೆಯಲ್ಲಿ ಕುಳಿತವರನ್ನು ಕುರ್‌ಆನ್ ಕಟುವಾಗಿ ಟೀಕಿಸಿತು. ಇದನ್ನು ನಾವೆಲ್ಲ ಖುತ್ಬಾಗಳಲ್ಲಿ ಕೇಳಿದ್ದೇವೆ. ಆದರೆ ಅದೇ ಸೂರಾ ತೌಬಾದಲ್ಲಿ ಇನ್ನೊಂದು ವಿಷಯವೂ ಇದೆ. ದುರ್ಬಲರಿಗೆ, ರೋಗಿಗಳಿಗೆ, ದಾರಿಯ ಖರ್ಚಿಗೆ ಗತಿಯಿಲ್ಲದವರಿಗೆ ದೋಷವಿಲ್ಲವೆಂದು ಅಲ್ಲಾಹನು ತಿಳಿಸಿದನು. ಸವಾರಿ ಸಿಗದೆ ಅಳುತ್ತಾ ಹಿಂದಿರುಗಿದವರನ್ನು ಗೌರವದಿಂದ ನೆನೆದನು. ಮದೀನಾದಲ್ಲೇ ಉಳಿಯಬೇಕಾದ ಅಂಥವರಿಗೂ ಪ್ರತಿ ಹೆಜ್ಜೆಯ ಪ್ರತಿಫಲದಲ್ಲಿ ಪಾಲಿದೆ ಎಂದು ಪ್ರವಾದಿ(ಸ) ಹಿಂದಿರುಗುವ ದಾರಿಯಲ್ಲಿ ತಿಳಿಸಿದರು. ಸೋಮಾರಿಯ ನೆಪ ಬೇರೆ, ಅಶಕ್ತನ ಕಾರಣ ಬೇರೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನೊಂದು ಪ್ರಯಾಣದಲ್ಲಿ ಹಝ್ರತ್ ಬಿಲಾಲ್(ರ) ಝುಹರ್‌ಗೆ ಅಝಾನ್ ಕೊಡಲು ಎದ್ದಾಗ, ಸ್ವಲ್ಪ ತಂಪಾಗಲಿ ಎಂದು ಪ್ರವಾದಿ(ಸ) ತಡೆದರು. ಗುಡ್ಡಗಳ ನೆರಳು ಕಾಣುವವರೆಗೂ ಕಾದರು. ನಮಾಝ್‌ನಂಥ ಕಡ್ಡಾಯ ಕರ್ಮವನ್ನೇ ಬಿಸಿಲಿಗಾಗಿ ಸ್ವಲ್ಪ ತಡಮಾಡಲು ಕಲಿಸಿದ ಧರ್ಮ ನಮ್ಮದು. ಪ್ರಯಾಣದಲ್ಲಿ ಉಪವಾಸವಿದ್ದು ಬಳಲಿದ ಒಬ್ಬನಿಗೆ ಜನರು ಸುತ್ತ ನಿಂತು ನೆರಳು ಮಾಡುತ್ತಿದ್ದುದನ್ನು ಕಂಡು, ಪ್ರಯಾಣದಲ್ಲಿ ಹೀಗೆ ಉಪವಾಸವಿರುವುದು ಪುಣ್ಯದ ಕೆಲಸವಲ್ಲ ಎಂದು ಅವರು ತಿಳಿಸಿದ್ದೂ ಇದೆ. ಹಾಗಿರುವಾಗ ಒಂದು ಫೋಟೋಗಾಗಿ ಮಧ್ಯಾಹ್ನ ಹನ್ನೆರಡು ಗಂಟೆಗೆ ಬಂಡೆ ಹತ್ತುವುದಕ್ಕೆ ಸಬ್ರ್ ಎಂಬ ಹೆಸರು ಕೊಡಲು ನಮಗೆ ಹಕ್ಕಿದೆಯೇ?

ಹುದೈಬಿಯಾವನ್ನು ನೆನೆಯಿರಿ. ಹಿಜರಿ 6ರಲ್ಲಿ ಸುಮಾರು 1,400 ಸಹಾಬಿಗಳು ಇಹ್ರಾಮ್ ಧರಿಸಿ ಉಮ್ರಾಕ್ಕೆಂದು ಮಕ್ಕಾದ ಹೊಸ್ತಿಲವರೆಗೆ ಬಂದಿದ್ದರು. ಒಪ್ಪಂದವಾಗಿ ಅಲ್ಲಿಂದಲೇ ಹಿಂದಿರುಗಬೇಕಾಯಿತು. ಎಷ್ಟೋ ಮಂದಿಯ ಎದೆ ಭಾರವಾಯಿತು. ಆದರೆ ಕುರ್‌ಆನ್ ಅದನ್ನು ಸ್ಪಷ್ಟ ವಿಜಯವೆಂದು ಕರೆಯಿತು. ಮರುವರ್ಷ ಅವರು ನೆಮ್ಮದಿಯಿಂದ ಉಮ್ರಾ ಮಾಡಿದರು. ತಲುಪುವ ಗುರಿ ಕಣ್ಣೆದುರಿಗಿರುವಾಗ ಹಿಂದಿರುಗುವುದಕ್ಕೆ ಮುಂದೆ ಹೋಗುವುದಕ್ಕಿಂತ ಹೆಚ್ಚಿನ ಸಬ್ರ್ ಬೇಕು.

ಇದು ಹಳೆಯ ಮಾತಷ್ಟೇ ಅಲ್ಲ. 2024ರ ಜೂನ್‌ನಲ್ಲಿ ಹಜ್ ಸಮಯದಲ್ಲಿ ಮಕ್ಕಾದ ಉಷ್ಣಾಂಶ 50 ಡಿಗ್ರಿ ದಾಟಿತು. ಆ ವರ್ಷ 1,301 ಮಂದಿ ಸಾವಿಗೀಡಾದರೆಂದು ಸೌದಿ ಸರ್ಕಾರವೇ ತಿಳಿಸಿತು. ಅವರಲ್ಲಿ ಶೇ. 83ರಷ್ಟು ಮಂದಿ ಪರವಾನಗಿ ಇಲ್ಲದೆ ಬಂದವರು, ನೆರಳೂ ವಿಶ್ರಾಂತಿಯೂ ಇಲ್ಲದೆ ಬಿಸಿಲಲ್ಲಿ ಬಹುದೂರ ನಡೆದವರು. ಅಲ್ಲಾಹನು ಅವರೆಲ್ಲರ ಮೇಲೆ ಕರುಣೆ ತೋರಲಿ. ಅವರ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ. ಆದರೆ ಬಿಸಿಲು ಶ್ರದ್ಧೆಯನ್ನು ಕೇಳುವುದಿಲ್ಲ, ದೇಹವನ್ನು ಕೇಳುತ್ತದೆ.

ಬಂಡೆಯ ಮೇಲೆ ನಡೆಯುವವರಿಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಜಮಾಅತ್‌ನ ಕೆಲವು ಹುಡುಗರ ಜೊತೆ ನಾವೂ ಸಂತೇಪೇಟೆಯಿಂದ ಹುತ್ರಿದುರ್ಗ ಹತ್ತಿದೆವು. ನಸುಕಿನಲ್ಲಿ ಹೊರಟಿದ್ದರೂ ಸೆಕೆ ಅಂಟುತ್ತಿತ್ತು. ಎರಡು ಬಾಗಿಲು ದಾಟುವಷ್ಟರಲ್ಲಿ ಒಬ್ಬ ಹುಡುಗನ ಮುಖ ಬಿಳಿಚಿತು, ಪಡುವಣದಲ್ಲಿ ಮೋಡ ಕಪ್ಪಾಯಿತು. "ಇನ್ನೇನು ಹಜ್ರತ್, ಹತ್ತು ನಿಮಿಷದ ದಾರಿ" ಎಂದ ಒಬ್ಬ. ಜೊತೆಗಿದ್ದ ಚಾಚಾ, ಲಾರಿ ಓಡಿಸಿ ನಾಡೆಲ್ಲ ನೋಡಿದವರು, ಒಂದೇ ಮಾತು ಹೇಳಿದರು: "ಬೇಟಾ, ಹತ್ತಿದ ದಾರಿಯನ್ನೇ ಇಳಿಯಬೇಕಲ್ಲ, ಅದಕ್ಕೂ ಕಾಲು ಉಳಿಸಿಕೋ." ನಾವು ಇಳಿದೆವು. ಊರು ಮುಟ್ಟುವಾಗ ಸಿಡಿಲಿನೊಂದಿಗೆ ಮಳೆ ಹಿಡಿಯಿತು. ಗುಡಿಯ ಜಗಲಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಮ್ಮನ್ನು ಒಳಗೆ ಕರೆದು ನೀರು, ಬೆಲ್ಲ ಕೊಟ್ಟರು. ನವೆಂಬರ್‌ನಲ್ಲಿ ಅದೇ ಹುಡುಗರು ಹೋಗಿ ತುದಿ ಮುಟ್ಟಿ ಬಂದರು.

ಚಾಚಾ ಹೇಳಿದ ಮಾತಿನಲ್ಲಿ ಎಲ್ಲವೂ ಇದೆ. ಆದರೂ ಮನೆಯವರ ಸಮಾಧಾನಕ್ಕಾಗಿ ಕೆಲವು ವಿಷಯಗಳನ್ನು ಬಿಡಿಸಿ ಹೇಳುತ್ತೇವೆ.

ನಮ್ಮ ಬೆಟ್ಟಗಳು ಬರಿಯ ಬಂಡೆ. ಮರದ ನೆರಳು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ತುಮಕೂರಿನ ಉಷ್ಣಾಂಶ 36, 38 ಡಿಗ್ರಿ ಮುಟ್ಟುವುದು ಸಾಮಾನ್ಯ. ಕಾದ ಬಂಡೆಯ ಮೇಲೆ ಝಳ ಇನ್ನೂ ಹೆಚ್ಚು. ಆದ್ದರಿಂದ ಫಜ್ರ್ ಮುಗಿಸಿ ಹೊರಟು, ಬಿಸಿಲೇರುವ ಮೊದಲು ಕೆಳಗಿಳಿದಿರಬೇಕು. ಪ್ರತಿಯೊಬ್ಬನ ಚೀಲದಲ್ಲಿ ಅವನದೇ ನೀರು ಇರಬೇಕು, ಕನಿಷ್ಠ ಎರಡು ಲೀಟರ್. ಅರ್ಧ ನೀರು ಮುಗಿದರೆ ತುದಿ ಎಲ್ಲೇ ಇರಲಿ, ಹಿಂದಿರುಗುವ ಹೊತ್ತು ಬಂತೆಂದು ತಿಳಿಯಬೇಕು. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೆ ಮನೆಯಲ್ಲೇ ಜೀವಜಲ ಸಿದ್ಧ.

ತಲೆಸುತ್ತು, ವಾಕರಿಕೆ, ಕಾಲು ಹಿಡಿದುಕೊಳ್ಳುವುದು ಮೊದಲ ಎಚ್ಚರಿಕೆ. ಆಗಲೇ ನೆರಳಲ್ಲಿ ಕೂರಿಸಿ ನೀರು ಕೊಡಬೇಕು. ಮಾತು ತೊದಲಿದರೆ, ಅಸಂಬದ್ಧ ಮಾತಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಾಘಾತ. ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಾ, ಕೂಡಲೇ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಗುಡುಗು ಕೇಳಿಸಿದರೆ ತುದಿಯಲ್ಲಿ, ಒಂಟಿ ಮರದ ಕೆಳಗೆ, ಕಬ್ಬಿಣದ ಕಂಬಿಯ ಪಕ್ಕದಲ್ಲಿ ನಿಲ್ಲಬಾರದು. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಕಾಯಬೇಕು. ನೆನೆದ ಬಂಡೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಕಾಡ್ಗಿಚ್ಚಿನ ದಿನಗಳಲ್ಲಿ ಅರಣ್ಯ ಇಲಾಖೆಯವರು ದಾರಿ ಮುಚ್ಚಿದ್ದರೆ ಕಳ್ಳದಾರಿ ಹುಡುಕಬಾರದು.

ಹೆತ್ತವರಿಗೂ ಒಂದು ಮಾತು. ಅರ್ಧದಲ್ಲಿ ಹಿಂದಿರುಗಿದ ಮಗನನ್ನು "ಆಗಲಿಲ್ವಾ?" ಎಂದು ಅಣಕಿಸಬೇಡಿ. ಗೆಳೆಯರೂ ನಗಬೇಡಿ. ಹುಡುಗರು ಬೆಟ್ಟಕ್ಕೆ ಹೆದರುವುದಕ್ಕಿಂತ ಹೆಚ್ಚಾಗಿ ನಿಮ್ಮ ನಗುವಿಗೆ ಹೆದರಿ ಮುಂದೆ ಹೋಗುತ್ತಾರೆ. ಯಾವ ಗೆಳೆಯನಿಗೆ ಸುಸ್ತಾಗಿದೆಯೋ ಅವನ ಹೆಜ್ಜೆಯೇ ಇಡೀ ಗುಂಪಿನ ಹೆಜ್ಜೆಯಾಗಲಿ.

ಹುತ್ರಿದುರ್ಗ 1791ರ ಜೂನ್‌ನಲ್ಲೂ ಅಲ್ಲೇ ಇತ್ತು, ಡಿಸೆಂಬರ್‌ನಲ್ಲೂ ಅಲ್ಲೇ ಇತ್ತು, ಇಂದಿಗೂ ಅಲ್ಲೇ ಇದೆ. ಕಾರ್ತಿಕದ ತಂಪಿನಲ್ಲಿ ಮತ್ತೆ ಹೋಗಬಹುದು. ಮನೆಯಲ್ಲಿ ಕಾಯುವ ತಾಯಿಗೆ ಮಗನನ್ನು ಮತ್ತೆ ತಂದುಕೊಡಲು ಯಾವ ಬೆಟ್ಟಕ್ಕೂ ಆಗುವುದಿಲ್ಲ. ಕಷ್ಟದಲ್ಲಿ ನಿಲ್ಲುವ ಶಕ್ತಿಯನ್ನೂ, ಹೊತ್ತರಿತು ಹಿಂದಿರುಗುವ ತಿಳಿವನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ದಯಪಾಲಿಸಲಿ. ಆಮೀನ್.